ನಾದಿನಿ ಅಕ್ಷರ ನಿಲ್ಲಿಸಿದ್ದು

ನನ್ನ ನಾದಿನಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಊಟಕ್ಕೆ ಕೂತರೂ ಎಡಗೈ ಯಾವುದೋ ವೈರಿನ ತುದಿ ಸುಲಿಯುತ್ತಿತ್ತು. ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದಲ್ಲಿ ಹದಿಮೂರು ವರ್ಷ ಅವಳದು ಒಂದೇ ಕೆಲಸ, ಓಡುವ ಚಿತ್ರದ ಮೇಲೆ ಅಕ್ಷರ ಕೂರಿಸುವುದು. ಸ್ಟುಡಿಯೋ ಮುಚ್ಚಿದ ದಿನ ಮಾಲೀಕರು ಕಂಪ್ಯೂಟರನ್ನು ತಾವೇ ಇಟ್ಟುಕೊಂಡು, ಅಕ್ಷರ ಕೂರಿಸುವ ಪೆಟ್ಟಿಗೆಯನ್ನೂ ಹೊಲಿಗೆ ಯಂತ್ರದಷ್ಟು ಭಾರದ ಹಳೆಯ ಕ್ಯಾಮೆರಾವನ್ನೂ ಇವಳಿಗೆ ಕೊಟ್ಟು ಕಳಿಸಿದರು. ಆ ಕಂಪ್ಯೂಟರಿಲ್ಲದೆ ಪೆಟ್ಟಿಗೆ ಬರೀ ಪೆಟ್ಟಿಗೆ. ನಾನು ಅದರ ಮೇಲೆ ಈರುಳ್ಳಿ ಬುಟ್ಟಿ ಇಡುತ್ತಿದ್ದೆ.

ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ಮನೆಗೆ ಬರುವುದು ವರ್ಷಕ್ಕೊಮ್ಮೆ. ನಡುವೆ ವಿಡಿಯೋ ಕ್ಯಾಸೆಟ್ ಕಳಿಸುತ್ತಿದ್ದ. ಸೌಟು ತಿರುವುತ್ತ, ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವ ಗಂಡಸು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮಗಳು ಪುಟ್ಟಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಅಪ್ಪ ಏನಂದ ಎಂದು ನನ್ನ ತೋಳು ಜಗ್ಗಿ ಸನ್ನೆಯಲ್ಲಿ ಕೇಳುತ್ತಿದ್ದಳು. ಆಮೇಲೆ ಹೇಳುತ್ತೇನೆ ಎಂದು ನಾನೂ ಸನ್ನೆ ಮಾಡುತ್ತಿದ್ದೆ. ಆ ಆಮೇಲೆ ಎಂದೂ ಬರಲಿಲ್ಲ.

ಹತ್ತು ವರ್ಷದವಳಾಗಿದ್ದಾಗ, ಕಿವುಡು ಮಕ್ಕಳ ಹಾಸ್ಟೆಲಿನಿಂದ ರಜೆಗೆ ಬಂದವಳು, ಹೊಸ ಕ್ಯಾಸೆಟ್ ಹಾಕಿದೊಡನೆ ಎದ್ದು ಹೋದಳು. ಸ್ಲೇಟಿನಲ್ಲಿ ಬರೆದು ತಂದಿಟ್ಟಳು: ‘ಅಪ್ಪ ಬಂದಾಗ ನಾನು ಹಾಸ್ಟೆಲಲ್ಲೇ ಇರ್ತೀನಿ.’

ನಾದಿನಿ ಓದಿದಳು. ಈರುಳ್ಳಿ ಬುಟ್ಟಿ ಎತ್ತಿ ಕೆಳಗಿಟ್ಟಳು. ಪುಟ್ಟಿ ಮರಳಿ ಹೊರಡಲು ಹನ್ನೊಂದು ದಿನ ಉಳಿದಿತ್ತು.

ನಮ್ಮವರು ಆಗ ಬದುಕಿದ್ದರು. ಅಂಗಡಿಗೆಂದು ಟಿವಿಗೆ ಜೋಡಿಸುವ ಕಂಪ್ಯೂಟರ್ ಒಂದನ್ನು ತಂದಿದ್ದರು. ಅದು ಬೇರೆಯದೇ ಜಾತಿ. ಪೆಟ್ಟಿಗೆಯ ಪ್ಲಗ್ಗು ಅದರೊಳಗೆ ಹೋಗುತ್ತಿರಲಿಲ್ಲ. ತಂಗಿ ಕೇಳಿದಾಗ ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಅವಳು ಎರಡೂ ಕಡೆಯ ಪಿನ್ನು ಎಣಿಸಿ ಬೆಸುಗೆ ಹಾಕಿದಳು. ನಮ್ಮ ಅಕ್ಷರ ಆ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ. ಒತ್ತು, ಕೊಂಬು, ಇಳಿ ಎಲ್ಲವನ್ನೂ ಚೌಕುಳಿ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದು ಅದಕ್ಕೆ ಕಲಿಸಿದಳು.

ಐದನೇ ದಿನ ಅಕ್ಷರ ಬಂತು, ಆದರೆ ನಿಲ್ಲಲಿಲ್ಲ. ಇರುವೆ ಸಾಲಿನಂತೆ ಗಂಡನ ಗದ್ದದಿಂದ ಹಣೆಗೆ ಹತ್ತಿ, ಮಾಯವಾಗಿ, ಮತ್ತೆ ಕೆಳಗಿನಿಂದ ಏಳುತ್ತಿತ್ತು. ನಾದಿನಿ ಸ್ಕ್ರೂ ತಿರುಗಿಸಿದಳು, ಕೋಣೆಯಲ್ಲಿ ಶತಪಥ ಹಾಕಿದಳು, ಮತ್ತೆ ತಿರುಗಿಸಿದಳು. ಹಾಲು ಎರಡು ಸಲ ಉಕ್ಕಿತು. ನನಗೆ ತಿಳಿಸಿ ಹೇಳಿದ್ದು ಹೀಗೆ: ಹಗ್ಗದಾಟದಲ್ಲಿ ಹಗ್ಗ ತಿರುಗಿದಂತೆ ಹುಡುಗಿ ಜಿಗಿಯಬೇಕು. ಸ್ಟುಡಿಯೋದಲ್ಲಿ ಕ್ಯಾಸೆಟ್ಟು ಹಗ್ಗ ತಿರುಗಿಸುತ್ತಿತ್ತು, ಕಂಪ್ಯೂಟರು ಜಿಗಿಯುತ್ತಿತ್ತು. ಇದು ಜಿಗಿಯುವುದಿಲ್ಲ. ಹದಿಮೂರು ವರ್ಷದ ರೂಢಿ ನೋಡಿ, ಅದನ್ನೇ ಜಿಗಿಸಬೇಕೆಂದು ಒಂಬತ್ತನೇ ದಿನದವರೆಗೂ ಗುದ್ದಾಡಿದಳು.

ಉಕ್ಕಿದ ಹಾಲು ಒರೆಸಿ ಒರೆಸಿ ನನಗೆ ರೇಗಿತ್ತು. “ಅದು ನಿಮ್ಮಣ್ಣನ ಹಾಗೇ ಕಣೇ. ತಾನು ತಿರುಗ್ಸಬೇಕು, ಎಲ್ಲರೂ ಕುಣೀಬೇಕು. ಹಗ್ಗ ಅದರ ಕೈಗೇ ಕೊಟ್ಟುಬಿಡು” ಎಂದೆ.

ಅವಳು ನನ್ನನ್ನೇ ನೋಡಿದಳು. ಮರುಗಳಿಗೆ ಅಟ್ಟದಿಂದ ಆ ಭಾರದ ಕ್ಯಾಮೆರಾ ಇಳಿಸುತ್ತಿದ್ದಳು. ಆ ಕ್ಯಾಮೆರಾ ಇನ್ನೊಬ್ಬರ ತಾಳಕ್ಕೆ ಜಿಗಿಯಬಲ್ಲದು. ಪಕ್ಕದ ಮನೆಯ ಟಿವಿ ಹೊತ್ತು ತಂದೆವು. ಅದರಲ್ಲಿ ಕ್ಯಾಸೆಟ್ ಓಡಿತು, ಕ್ಯಾಮೆರಾ ಅದನ್ನು ನೋಡಿತು, ಕಂಪ್ಯೂಟರು ಕ್ಯಾಮೆರಾಕ್ಕೆ ಹಗ್ಗ ತಿರುಗಿಸಿತು. ನಮ್ಮ ಟಿವಿಯಲ್ಲಿ ಅಕ್ಷರ ಕಲ್ಲಿನ ಹಾಗೆ ನಿಂತಿತು. ಚಿತ್ರದ ಮೇಲೆ ಮಾತ್ರ ಒಂದು ಕಪ್ಪು ಪಟ್ಟಿ ನಿಧಾನವಾಗಿ ಏರುತ್ತಿತ್ತು. ಅದು ಏನು ಮಾಡಿದರೂ ಹೋಗಲಿಲ್ಲ.

ಇನ್ನು ಅವನ ಮಾತು ಕೇಳಿ ಕೇಳಿ ಟೈಪು ಮಾಡುವುದು. ಒಂದು ಕಡೆ ಅವಳ ಬೆರಳು ನಿಂತಿತು. ಎಲ್ಲರನ್ನೂ ವಿಚಾರಿಸಿದ ಮೇಲೆ ಅವನು, “ಪುಟ್ಟಿಗೇನು ಹೇಳೋದು ಬಿಡು, ಅವಳಿಗೇನು ಕೇಳ್ಸುತ್ತಾ” ಎಂದು ನಕ್ಕಿದ್ದ. ಆಗ ಕೋಣೆಯಲ್ಲಿ ನಾವೂ ನಕ್ಕಿದ್ದೆವು.

“ಅದೊಂದು ಬಿಟ್ಟುಬಿಡೇ” ಎಂದೆ.

“ಬಿಟ್ರೆ, ಆಮೇಲೆ ಹೇಳ್ತೀನಿ ಅಂದ ಹಾಗೇ ಅಲ್ವಾ ಅತ್ತಿಗೆ?”

ಅವಳು ಟೈಪು ಮಾಡಿದಳು.

ಕೊನೆಯ ದಿನ, ಟ್ರಂಕು ಕಟ್ಟಿಟ್ಟ ಮೇಲೆ, ಪುಟ್ಟಿಯನ್ನು ರಟ್ಟೆ ಹಿಡಿದು ಕರೆತಂದು ಕೂರಿಸಿದೆವು. ಅಪ್ಪ ಮಾತಾಡಿದಂತೆಲ್ಲ ಅಮ್ಮ ಗುಂಡಿ ಒತ್ತಿ ಸಾಲು ಸಾಲಾಗಿ ಬಿಟ್ಟಳು. ಸಾರು ಸೀದು ಕ್ಯಾಪ್ಟನ್ ಬೈದ ಕತೆಗೆ ಪುಟ್ಟಿ ನಕ್ಕಳು, ನಾವೆಲ್ಲ ನಕ್ಕಾಗಲೇ. ಆಮೇಲೆ ಆ ಸಾಲು ಬಂತು. ಅವಳ ಮುಖ ಸಣ್ಣಗಾಯಿತು. ಎದ್ದಳು. ಹೋಗಿಬಿಟ್ಟಳು ಎಂದುಕೊಂಡೆ. ಹೋಗಲಿಲ್ಲ, ಅಮ್ಮನನ್ನು ಪಕ್ಕಕ್ಕೆ ತಳ್ಳಿ, ಒಂದೊಂದೇ ಗುಂಡಿ ಹುಡುಕಿ ಒತ್ತಿದಳು. ಅಪ್ಪನ ಮುಖದ ಮೇಲೆ ಅಕ್ಷರ ಮೂಡಿತು: ‘ನನ್ನ ಕಡೆ ತಿರುಗಿ ಮಾತಾಡು.’

ನಾದಿನಿ ಅದನ್ನೇ ಕಾಗದದಲ್ಲಿ ಬರೆದು ಹಡಗಿಗೆ ಹಾಕಿದಳು. ಮುಂದಿನ ಕ್ಯಾಸೆಟ್ಟಿನಲ್ಲಿ ಆ ಮನುಷ್ಯ ಗುರುತಿನ ಚೀಟಿಗೆ ಫೋಟೋ ತೆಗೆಸುವವನಂತೆ ಅರ್ಧ ಗಂಟೆ ಕತ್ತು ಅಲುಗಿಸದೆ ಕೂತಿದ್ದ. ಅವನು ಬಂದಾಗ ಪುಟ್ಟಿಯೂ ಬಂದಳು. ಒಲೆಯ ಮುಂದೆ ಅವನು ಮರೆತು ಬೆನ್ನು ತಿರುಗಿಸಿ ಮಾತಾಡಿದಾಗಲೆಲ್ಲ ಭುಜಕ್ಕೆ ಸೌಟಿನಿಂದ ಒಂದು ಬಿಡುತ್ತಿದ್ದಳು. ಅವಳ ಅಮ್ಮ ಒಳಕೋಣೆಯಲ್ಲಿ ಆ ಕಪ್ಪು ಪಟ್ಟಿ ಹೋಗಲೆಂದು ಸ್ಕ್ರೂ ತಿರುಗಿಸುತ್ತಲೇ ಇದ್ದಳು.