ಸಾಂಬ್ರಾಣಿ ಹೊಗೆಯಲ್ಲಿ ಯಜಮಾನರು

ಮೈಸೂರಿನ ಗೋಕುಲಂ ಬಡಾವಣೆಯ ಒಂದು ಹಳೆಯ ಮನೆಯ ನಡುಮನೆಯಲ್ಲಿ ಮೂವರಿದ್ದೆವು: ಮನೆಯೊಡತಿ ಗೌರಮ್ಮನವರು, ಮಹಡಿಯಲ್ಲಿ ಬಾಡಿಗೆಗಿದ್ದ ವಿದೇಶಿ ಕಲಾವಿದೆ ಎಲ್ಸಾ, ಎರಡು ದಿನಕ್ಕೆಂದು ನೆಂಟನಾಗಿ ಬಂದಿದ್ದ ನಾನು. ಕಿಟಕಿಗಳಿಗೆ ಕರಿ ಕಂಬಳಿ ಇಳಿಬಿಟ್ಟಿತ್ತು. ಎಲ್ಸಾ ಕಲ್ಲು ಮಣ್ಣಿನಿಂದಲ್ಲ, ಪ್ರೊಜೆಕ್ಟರಿನ ಬೆಳಕಿನಿಂದಲೇ ಶಿಲ್ಪ ಮಾಡುವವಳು. ಬೆಳಕು ಮೈದಳೆಯಲು ಹೊಗೆ ಬೇಕೆಂದು ಅವಳು ಹೇಳಿದಾಗ ಗೌರಮ್ಮನವರು ಕೆಂಡಕ್ಕೆ ಸಾಂಬ್ರಾಣಿ ಹಾಕಿ, "ಪೂಜೆಗೂ ಇಷ್ಟು ಹಾಕಿರ್ಲಿಲ್ಲ ಕಣಮ್ಮ" ಎಂದರು.

ಪ್ರೊಜೆಕ್ಟರ್ ತಿರುಗಿತು. ಬೆಳಕು ಗೋಡೆ ಮುಟ್ಟುವ ಮೊದಲೇ ಹೊಗೆಯಲ್ಲಿ ನಿಂತುಕೊಂಡಿತು, ಕೈ ಚಾಚಿದರೆ ಸಿಗುವ ಹಾಗೆ. ಅದರೊಳಗೆ ಗೌರಮ್ಮನವರ ಯಜಮಾನರು ನಮಗೆ ಬೆನ್ನು ಮಾಡಿ ಹೂ ಬಿಡಿಸುತ್ತಿದ್ದರು. ಹಿಂದಿನ ವರ್ಷ ಎಲ್ಸಾ ತೆಗೆದ ಫಿಲ್ಮು; ಆಮೇಲೆ ಅವರು ತೀರಿಕೊಂಡಿದ್ದರು.

"ಈ ಕಡೆ ತಿರುಗ್ತಾರೇನಮ್ಮ?" ಎಂದು ಗೌರಮ್ಮನವರು ಕೇಳಿದರು.

"ಕೊನೇಲಿ ತಿರುಗಿ ನಗ್ತಾರೆ" ಎಂದಳು ಎಲ್ಸಾ, ಇಲ್ಲೇ ಕಲಿತ ಕನ್ನಡದಲ್ಲಿ.

"ಇದ್ದಾಗ್ಲೂ ಅಷ್ಟೇ. ಕರೆದ್ರೆ ಬೇಗ ತಿರುಗ್ತಿರ್ಲಿಲ್ಲ."

ಅಷ್ಟರಲ್ಲಿ ಪಕ್ಕದ ದೇವಸ್ಥಾನದಲ್ಲಿ ಸಂಜೆಯ ಗಂಟೆ ಬಾರಿಸಿದರು. "ದೀಪ ಹಚ್ಚೋ ಹೊತ್ತು, ಮನೆ ಕತ್ಲಾಗಿರಬಾರ್ದು" ಎನ್ನುತ್ತ ಗೌರಮ್ಮನವರು ಎದ್ದು, ದಿನದ ಅಭ್ಯಾಸದಂತೆ ಲೈಟಿನ ಸ್ವಿಚ್ ಒತ್ತಿಬಿಟ್ಟರು. ಹಳೆಯ ವೈರಿಂಗು, ಫ್ಯೂಸ್ ಹೋಯಿತು, ಜೊತೆಗೆ ಪ್ರೊಜೆಕ್ಟರಿನ ಬಲ್ಬೂ. ಅಂಥ ಬಲ್ಬು ಮೈಸೂರಿನಲ್ಲೆಲ್ಲೂ ಸಿಗಲಿಲ್ಲ. ಟಿಕೆಟ್ ಮೊದಲೇ ಆಗಿದ್ದರಿಂದ ಮರುದಿನ ಎಲ್ಸಾ ತನ್ನ ದೇಶಕ್ಕೆ ಹೊರಟಳು. ಇದ್ದ ಒಂದೇ ಫಿಲ್ಮೂ ಅಲ್ಲಿಯ ಪ್ರದರ್ಶನಕ್ಕೆಂದು ಅವಳೊಂದಿಗೆ ಹೋಯಿತು.

"ಇನ್ನೇನು ತಿರುಗೋರಿದ್ರು. ನಾನೇ ಕಳಿಸ್ಬುಟ್ಟೆ ಕಣ್ರೀ" ಎಂದರು ಗೌರಮ್ಮನವರು.

ಮುಂದಿನ ವರ್ಷ ಮುಸ್ಸಂಜೆಯಲ್ಲಿ ಆ ಮನೆಗೆ ಹೋದೆ. ಹೊಸ್ತಿಲಲ್ಲಿ ಹಣತೆ ಉರಿಯುತ್ತಿತ್ತು. ಒಳಗೆ ಗೌರಮ್ಮನವರು ಲೈಟು ಹಾಕದೆ, ಕೆಂಡಕ್ಕೆ ಸಾಂಬ್ರಾಣಿ ಹಾಕಿಕೊಂಡು ಕೂತಿದ್ದರು.