ಮುನಿನಾರಾಯಣಮ್ಮನವರ ಅಂಗಾಲು

ಮುನಿನಾರಾಯಣಮ್ಮನವರನ್ನು ನಾನು ಮೊದಲು ಕಂಡ ದಿನವೇ ಅವರು ನನ್ನ ಮೇಲೆ ಮುದ್ದೆ ಎಸೆದರು. ಬಂಗಾರಪೇಟೆ ರೈಲ್ವೆ ನಿಲ್ದಾಣದ ಬಳಿ ಅವರದು ನಾಲ್ಕು ಬೆಂಚಿನ ಹೋಟೆಲು. ಅಂದು ಕೈಗೆ ನೀರು ಹಚ್ಚಿಕೊಳ್ಳುವುದನ್ನು ಮರೆತು ಸುಡುವ ಮುದ್ದೆ ಕಟ್ಟಲು ಹೋಗಿದ್ದರು. ಅದು ಹಾರಿ ಬಂದು ನನ್ನ ಪಂಚೆಯ ಮೇಲೆ ಕುಳಿತಿತು.

"ನಾನಲ್ಲ ಸಾಮಿ, ಕೈ ಎಸ್ದುಬಿಡ್ತು!"

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಇಷ್ಟು ಸರಿಯಾದ ಉತ್ತರವನ್ನು ಯಾವ ಮಗುವೂ ಕೊಟ್ಟಿರಲಿಲ್ಲ. ಪಂಚೆ ಒರೆಸಿಕೊಳ್ಳುತ್ತಲೇ ವಿವರಿಸಿದೆ. ಸುಟ್ಟ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಓಡುತ್ತದೆ. ಕೈ ಎಳೆದುಕೋ ಎಂಬ ಅಪ್ಪಣೆ ಅಲ್ಲಿಂದಲೇ ಇನ್ನೊಂದು ನರ ಹಿಡಿದು ಸ್ನಾಯುವಿಗೆ ಬರುತ್ತದೆ. ಮೆದುಳಿಗೆ ತಿಳಿಯುವುದು ಆಮೇಲೆ.

"ಅಂಗಾರೆ ಮೆದುಳು ನಮ್ಮ ಯಜಮಾನ್ರಂಗೆ ಅನ್ನಿ. ಎಲ್ಲಾ ಮುಗ್ದ್‌ಮ್ಯಾಲೆ ಏನಾಯ್ತು ಅಂತಾರೆ."

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಯಜಮಾನರು ಬಚ್ಚಪ್ಪ ತಲೆಯೆತ್ತಿ, "ಏನಾಯ್ತೇ?" ಎಂದರು.

ಅಂದಿನಿಂದ ವಾರಕ್ಕೆರಡು ಸಲ ನಮ್ಮೂರು ಉರಿಗಾಂನಲ್ಲಿ ರೈಲು ಹತ್ತಿ ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಒಲೆಯಿಂದ ಕೆಂಡವೊಂದು ಉರುಳಿತು. ಆಯಮ್ಮ ಬರಿಗಾಲಲ್ಲಿ ಅದನ್ನು ತುಳಿದುಕೊಂಡೇ ಸಾರು ಬಡಿಸುತ್ತಿದ್ದರು. ಸೊಸೆ ನವ್ಯ ಕಿರುಚಿದ ಮೇಲೆಯೇ ಕಾಲೆತ್ತಿದ್ದು.

"ದ್ರೌಪತಮ್ಮನ ಜಾತ್ರೇಲಿ ಕೆಂಡ ತುಳಿದ ಕಾಲು ಕಣೇ ಇದು! ಅನ್ನೊಂದು ವರ್ಷದ ಅರಕೆ. ಬರೋ ತಿಂಗ್ಳೂ ತುಳೀತೀನಿ."

ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ನನಗೆ ಹೆದರಿಕೆಯಾಯಿತು. ಅವರಿಗೆ ಕಣ್ಣು ಮುಚ್ಚಲು ಹೇಳಿ, ಪೊರಕೆ ಕಡ್ಡಿಯಿಂದ ಇನ್ನೊಂದು ಅಂಗಾಲನ್ನು ಮುಟ್ಟಮ್ಮ ಎಂದು ನವ್ಯಳಿಗೆ ತಿಳಿಸಿದೆ.

"ಅತ್ತೆಗೆ ಪೊರಕೆ ತೋರ್ಸೋಕೇ ಕಾಯ್ತಿದ್ದೆ ಅಲ್ವೇನೇ? ಮುಟ್ಟು, ಎಷ್ಟೊತ್ತು?"

"ಆಗ್ಲೇ ಮೂರು ಸಲ ಮುಟ್ಟಿದೆ ಅತ್ತೆ."

ಅಂದೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಮಂಕಾಗಿವೆ ಎಂದರು ಡಾಕ್ಟರು. ಸುದ್ದಿಯೇ ಹೊರಡದ ಮೇಲೆ ಅಪ್ಪಣೆ ಎಲ್ಲಿಂದ ಬಂದೀತು? ಕೆಂಡ ತುಳಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು ಎಂದೂ ಹೇಳಿದರು.

"ಅರಕೆ ಬಿಟ್ರೆ ಆ ತಾಯಿ ಸುಮ್ನಿರ್ತಾಳಾ ಮೇಷ್ಟ್ರೇ?" ಅವರ ದನಿ ಇಳಿದಿತ್ತು.

"ಸುಡುತ್ತೆ ಅಂತ ಗೊತ್ತಿದ್ದೂ ನಡೆಯೋದಲ್ವೇನಮ್ಮ ಹರಕೆ? ನಿಮಗೆ ಸುಡೋದೇ ತಿಳಿಯೋಲ್ಲವಲ್ಲ."

"ಅಂಗಾರೆ ಇಷ್ಟು ದಿನ ಆ ತಾಯಿಗೇ ಮೋಸ ಮಾಡಿದೀನಿ ಅನ್ನಿ!" ಎಂದು ನಕ್ಕುಬಿಟ್ಟರು.

ಆ ಸಲ ಅವರು ಕೆಂಡ ತುಳಿಯಲಿಲ್ಲ, ತುಳಿದವರಿಗೆಲ್ಲ ಊಟ ಹಾಕಿದರು. ಈಗ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ, ಒಲೆಯ ಮುಂದೆ ದಪ್ಪ ಬೂಟು ಹಾಕಿಕೊಂಡು ನಿಲ್ಲುತ್ತಾರೆ. ಸಂಜೆಯಾದರೆ ಯಜಮಾನರ ಕ್ಷೌರದ ಕನ್ನಡಿ ಹಿಡಿದು, ಗಾಯವೇನಾದರೂ ಆಗಿದೆಯೇ ಎಂದು ಅಂಗಾಲು ನೋಡಿಕೊಳ್ಳುತ್ತಾ ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಊಟ ಕೇಳಿದರೆ ಬೈಸಿಕೊಳ್ಳುತ್ತಾರೆ.