ಶಾಂತಕ್ಕನ ಕೈಗೆ ಕರೆಂಟು

"ಹೆದರಬ್ಯಾಡೋ ತಮ್ಮಾ. ಕರೆಂಟ್ ಹಚ್ಚೂದು ನನಗ, ನಿನಗಲ್ಲ!"

ಹುಬ್ಬಳ್ಳಿಯ ಫಿಸಿಯೋಥೆರಪಿ ಕೋಣೆಯಲ್ಲಿ ನನ್ನ ಅಕ್ಕ ಶಾಂತಕ್ಕ ಹೀಗೆಂದಾಗ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. (ಬೆವರಿದ್ದೆ ಕೂಡ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ?)

ಶಾಂತಕ್ಕ ಹುಬ್ಬಳ್ಳಿ ಹತ್ತಿರದ ಸಂಶಿಯಲ್ಲಿ ಟೇಲರ್. ಹೋದ ಚಳಿಗಾಲದ ಒಂದು ಬೆಳಿಗ್ಗೆ ಜಂಪರಿನ, ಅಂದರೆ ರವಿಕೆಯ, ಬಟ್ಟೆ ಕತ್ತರಿಸುತ್ತಿದ್ದವಳ ಬಾಯಿ ಸೊಟ್ಟಗಾಯಿತು, ಕೈ ಜೋತುಬಿತ್ತು. ಲಕ್ವಾ! ಬಾವ ತಡಮಾಡದೆ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಮಾತು ಮರಳಿತು, ನಡಿಗೆಯೂ ಬಂತು. ಬಲಗೈ ಮಾತ್ರ ಮುಷ್ಟಿ ಬಿಗಿದು ಕೂತುಬಿಟ್ಟಿತು.

ಆಗ ಡಾಕ್ಟರು ಈ ಮಷೀನ್ ವಿಷಯ ಹೇಳಿದರು. ಆಪರೇಷನ್ ಇಲ್ಲ, ಸೂಜಿ ಇಲ್ಲ. ಮುಂಗೈಗೆ ಎರಡು ಪಟ್ಟಿ ಅಂಟಿಸಿ, ಚರ್ಮದ ಮೇಲಿಂದಲೇ ನರಗಳಿಗೆ ಸಣ್ಣಗೆ ಕರೆಂಟು ಹರಿಸುತ್ತಾರೆ. ಅಷ್ಟೇ. ಬಾವನಿಗೆ ದಿಗಿಲು.

"ಉಳದಿದ್ದ ಜೀವಾನೂ ಹೋದ್ರ?"

"ಕೈ ಹಿಂಗ ಸುಮ್ನ ಕುಂತ್ರ ನಾ ಇದ್ದೂ ಇಲ್ಲದಂಗರಿ. ಹೋಗೂಣು ನಡೀರಿ."

ಹೋದೆವು. ಥೆರಪಿಸ್ಟ್ ಹುಡುಗಿ ಗುಂಡಿ ತಿರುಗಿಸಿದಳು. ಬಿಗಿದಿದ್ದ ಬೆರಳು ಮೆಲ್ಲಗೆ ಬಿಚ್ಚಿಕೊಂಡವು! ನಾನು ಚಪ್ಪಾಳೆ ತಟ್ಟಲು ಹೊರಟೆ.

"ತಡೀರಿ ಸರ್, ಇದು ಮಷೀನ್ ಬಿಚ್ಚಿದ್ದು" ಎಂದಳು ಆಕೆ. "ಅಕ್ಕಾರ, ಅದರ ಜೋಡಿ ನೀವೂ ಬಿಚ್ಚಾಕ ನೋಡ್ರಿ. ನೀವು ಜೋರು ಮಾಡ್ಲಿಲ್ಲಂದ್ರ ಇದು ಬರೀ ಜುಮುಜುಮು."

ಅಕ್ಕ ಹಲ್ಲು ಕಚ್ಚಿದಳು. ಹಣೆಯ ಮೇಲೆ ಬೆವರು. ಎದುರಿಗಿದ್ದರೂ ಓಗೊಡದ ಮಗುವನ್ನು ಕರೆಯುವಂತೆ ತನ್ನದೇ ಬೆರಳುಗಳನ್ನು ಕರೆಯುತ್ತಿದ್ದಳು.

ತಿಂಗಳುಗಟ್ಟಲೆ ಅದೇ ಬಸ್ಸು, ಅದೇ ಕೋಣೆ. ಮನೆಯಲ್ಲಿ ಅದೇ ಕೈಯಿಂದ ಬಟ್ಟೆ ಮಡಚುವುದು, ಅಂಗಿಯ ಗುಂಡಿ ಹೆಕ್ಕುವುದು. ಒಮ್ಮೆ ಗುಂಡಿಯ ಡಬ್ಬಿ ಎಸೆದು ಗೊಳೋ ಎಂದು ಅತ್ತಳು. ಮರುದಿನ ಬಾವನಿಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿದ್ದಳು.

ಕೈ ಪೂರ್ತಿ ಬಂತೇ? ಇಲ್ಲ. ಮಷೀನ್ ಪವಾಡ ಮಾಡುವುದಿಲ್ಲ. ಎಲ್ಲರಿಗೂ ಒಂದೇ ರೀತಿ ಗುಣ ಕಾಣುವುದೂ ಇಲ್ಲ. ಆದರೆ ಕಳೆದ ವಾರ ಸಂಶಿಗೆ ಹೋದರೆ ಅಂಗಡಿ ತೆರೆದಿತ್ತು! ಅಕ್ಕ ಬಲಗೈಯಿಂದ ಬಟ್ಟೆ ಒತ್ತಿ ಹಿಡಿದು ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಹೊಲಿದಳು.

ಜಂಪರು ಒಯ್ಯಲು ಬಂದ ಓಣಿಯ ಅಜ್ಜಿಯ ಕರುಳು ಚುರುಕ್ಕೆಂದಿರಬೇಕು. "ಪಾಪ, ಸಾಕು ಬಿಡವಾ. ಇನ್ನ ಕುಂತು ಉಣ್ಣು."

"ಕುಂತು ಉಣ್ಣಾಕೂ ಕೈ ಬೇಕಲ್ಲಬೇ ಯವ್ವಾ!"

ಅಜ್ಜಿ ನಕ್ಕಳು. ಅಕ್ಕ ತಲೆ ಎತ್ತಲಿಲ್ಲ, ಹೊಲಿಗೆ ನಿಲ್ಲಲಿಲ್ಲ.

ಅಲ್ಲ, ಬಿದ್ದವರು ಏಳಲು ಹೊರಟಾಗಲೇ ನಮಗೇಕೆ "ಸಾಕು ಬಿಡು" ಎನ್ನುವ ಅವಸರ?